ಗುಬ್ಬಿ ವೀರಣ್ಣ

ತುಮಕೂರು ಜಿಲ್ಲೆಯ ಗುಬ್ಬಿ ಸಣ್ಣ ಊರು. ಆದರೆ ಕನ್ನಡ ರಂಗಭೂಮಿಯ ಇತಿಹಾಸದಲ್ಲಿ ಅದರ ಹೆಸರು ಹಿರಿದು. 1884ರಲ್ಲಿ ಚಂದಣ್ಣ, ಅಬ್ದುಲ್ ಅಜೀಜ್ ಮೊದಲಾದ ಕಲಾಸಕ್ತರು ಜಾತಿಮತಗಳ ಭೇದವೆಣಿಸದೆ ಅಲ್ಲಿ ಶ್ರೀ ಚನ್ನಬಸವೇಶ್ವರ ನಾಟಕ ಸಂಘವನ್ನು ಕಟ್ಟಿದರು. ಅದನ್ನು ನಾಡಿನ ಹೆಮ್ಮೆಯ ಸಂಸ್ಥೆಯನ್ನಾಗಿ ಬೆಳೆಸಿದವರು ಗುಬ್ಬಿ ವೀರಣ್ಣನವರು.

1891ರಲ್ಲಿ ಜನಿಸಿದ ವೀರಣ್ಣನವರು ಎಳೆಯ ವಯಸ್ಸಿನಲ್ಲಿಯೇ ಸಂಘವನ್ನು ಸೇರಿದರು. ರಂಗವೇ ಅವರ ಪಾಠಶಾಲೆಯಾಯಿತು. ‘ಸದಾರಮೆ’ ನಾಟಕದ ಕಳ್ಳನ ಪಾತ್ರದಿಂದ ಅವರು ಹಾಸ್ಯನಟರೆಂದು ಮನೆಮಾತಾದರು. 1917ರಲ್ಲಿ ಸಂಘದ ಒಡೆತನ ಅವರದಾಯಿತು.

ಆ ಕಾಲದಲ್ಲಿ ನಾಟಕವನ್ನು ಮೆಚ್ಚಿ ನೋಡುತ್ತಿದ್ದ ಜನರೇ ನಾಟಕದವರನ್ನು ಹಗುರವಾಗಿ ಕಾಣುತ್ತಿದ್ದರು. ಸ್ತ್ರೀಯರು ರಂಗವೇರುವುದಂತೂ ನಿಂದೆಗೆ ಗುರಿಯಾಗುವ ಸಂಗತಿಯಾಗಿತ್ತು; ಸ್ತ್ರೀಪಾತ್ರಗಳನ್ನು ಸಾಮಾನ್ಯವಾಗಿ ಪುರುಷರೇ ವಹಿಸುತ್ತಿದ್ದರು. ಟಿಕೆಟಿನ ಹಣವನ್ನೇ ನಂಬಿ ಬಾಳುವ ಕಂಪನಿಗೆ ಜನರ ಅಸಮಾಧಾನವೆಂದರೆ ಅನ್ನಕ್ಕೇ ಕುತ್ತು. ಆದರೂ ವೀರಣ್ಣನವರು ಹಿಂಜರಿಯಲಿಲ್ಲ. ಸ್ತ್ರೀಪಾತ್ರಗಳಿಗೆ ಸ್ತ್ರೀಯರನ್ನೇ ಬರಮಾಡಿಕೊಂಡರು. ಸುಂದರಮ್ಮ, ಬಿ. ಜಯಮ್ಮ ಮುಂತಾದವರು ಅಭಿನಯದಿಂದ ಪ್ರೇಕ್ಷಕರ ಮನವನ್ನು ಗೆದ್ದರು. ನಿಂದೆಗೆ ಉತ್ತರ ವಾದದಿಂದಲ್ಲ, ಕಲೆಯಿಂದಲೇ ದೊರೆಯಿತು.

ಕಂಪನಿಯು ಊರಿಂದೂರಿಗೆ ಸಂಚರಿಸಿ, ಓದುಬರಹ ಅರಿಯದವರಿಗೂ ಪುರಾಣ, ಇತಿಹಾಸ, ನೀತಿಗಳನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿತು. 1934ರ ‘ಕುರುಕ್ಷೇತ್ರ’ ನಾಟಕದಲ್ಲಿ ಆನೆ ಕುದುರೆಗಳೇ ರಂಗಕ್ಕೆ ಬಂದುವು. ಲೋಕೋಪಕಾರದ ಕಾರ್ಯಗಳಿಗಾಗಿ ಸಹಾಯಾರ್ಥ ಪ್ರದರ್ಶನಗಳೂ ನಡೆದುವು.

ಕಂಪನಿಯು ಅನೇಕ ಪ್ರತಿಭೆಗಳಿಗೆ ತವರಾಯಿತು. ಮನೆ ಬಿಟ್ಟು ಬಂದ ಬಾಲಕ ಬಿ. ವಿ. ಕಾರಂತರಿಗೆ ಆಶ್ರಯವಿತ್ತು, ಮುಂದೆ ಅವರನ್ನು ಉನ್ನತ ವ್ಯಾಸಂಗಕ್ಕಾಗಿ ಕಾಶಿಗೆ ಕಳುಹಿಸಿದವರು ವೀರಣ್ಣನವರೇ. ಕಂಪನಿಯ ನಟರಾಗಿದ್ದ ರಾಜಕುಮಾರರು 1954ರಲ್ಲಿ ‘ಬೇಡರ ಕಣ್ಣಪ್ಪ’ ಚಿತ್ರದ ನಾಯಕರಾದರು. ಆ ಚಿತ್ರದ ನಿರ್ಮಾಣದಲ್ಲಿಯೂ ವೀರಣ್ಣನವರ ಪಾಲಿತ್ತು.

ವೀರಣ್ಣನವರಿಗೆ 1972ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದಿತು. ಅದೇ ವರ್ಷ ಅವರು ಕಾಲವಾದರು. ತಮ್ಮ ಆತ್ಮಕಥೆಗೆ ಅವರು ‘ಕಲೆಯೇ ಕಾಯಕ’ ಎಂಬ ಹೆಸರನ್ನಿಟ್ಟಿದ್ದರು. ಕಾಯಕವೆಂದರೆ ತನ್ನ ಹೊಟ್ಟೆಗಾಗಿ ಮಾತ್ರ ಮಾಡುವ ದುಡಿಮೆಯಲ್ಲ. ಅದರ ಫಲ ಸಮಾಜಕ್ಕೂ ಸಲ್ಲಬೇಕು. ನಾಟಕದವರನ್ನು ಕೀಳಾಗಿ ಕಾಣುತ್ತಿದ್ದ ನಾಡು ಮುಂದೆ ಅವರ ಹೆಸರಿನಲ್ಲಿಯೇ ರಂಗಪ್ರಶಸ್ತಿಯನ್ನು ಸ್ಥಾಪಿಸಿತು. ಅವರ ಕಾಯಕ ಸಾರ್ಥಕವಾಯಿತೆಂಬುದಕ್ಕೆ ಇದೇ ಸಾಕ್ಷಿ.