ಲೇಸ್ ಹೆಣೆದ ತಾಯಿ: ಸಂತ ಜೇಲಿ ಮಾರ್ಟಿನ್



ದ್ವಿತೀಯ ಪಿ.ಯು.ಸಿ. ಫಲಿತಾಂಶ ಬರುವ ದಿನಗಳಲ್ಲಿ ನಮ್ಮ ಮನೆಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಏಳುತ್ತದೆ: ಮುಂದೇನು? ಸಕ್ರೆಬೈಲು, ಗಾಜನೂರಿನ ಮನೆಯಾಗಲಿ, ಶಿವಮೊಗ್ಗ, ಭದ್ರಾವತಿಯ ಮನೆಯಾಗಲಿ, ಮಗಳು ಫ್ಯಾಷನ್ ಡಿಸೈನಿಂಗ್ ಓದುತ್ತೇನೆ, ಮುಂದೆ ಉಡುಪಿನ ವ್ಯಾಪಾರ ಮಾಡುತ್ತೇನೆ ಎಂದರೆ ತಂದೆತಾಯಿಯರ ಮುಖ ಬಾಡುತ್ತದೆ. ಕಾಲೇಜಿನ ಶುಲ್ಕ, ಹಾಸ್ಟೆಲ್ ಖರ್ಚು ಎಲ್ಲಿಂದ ತರುವುದು ಎಂಬುದು ಮೊದಲ ಚಿಂತೆ. ಕೆಲವರಿಗೆ ಇನ್ನೊಂದು ಅನುಮಾನವೂ ಉಂಟು. ಅಲಂಕಾರದ ಈ ಲೋಕ ವಿಶ್ವಾಸಿ ಕುಟುಂಬದ ಹುಡುಗಿಗೆ ತಕ್ಕದ್ದೇ?

ಈ ಎರಡು ಪ್ರಶ್ನೆಗಳನ್ನೂ ಬದುಕಿ ದಾಟಿದ ಒಬ್ಬ ತಾಯಿಯಿದ್ದಾರೆ. ಗುಲಾಬಿ ಹೂಗಳನ್ನು ಹಿಡಿದಿರುವ ಬಾಲಯೇಸುವಿನ ಸಂತ ತೆರೇಸಾರ ಚಿತ್ರ ನಮ್ಮ ಎಷ್ಟೋ ಮನೆಗಳ ಗೋಡೆಯ ಮೇಲಿದೆ. ಆದರೆ ಅವರ ತಾಯಿ ಜೇಲಿ ಮಾರ್ಟಿನ್ ಉಡುಪಿನ ಅಲಂಕಾರಕ್ಕೆ ಬೇಕಾದ ಲೇಸ್ ತಯಾರಿಸಿ ಮಾರುತ್ತಿದ್ದ ಉದ್ಯಮಿ ಎಂಬುದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು?

ಜೇಲಿ ಹುಟ್ಟಿದ್ದು 1831ರ ಡಿಸೆಂಬರ್ 23ರಂದು, ಫ್ರಾನ್ಸ್ ದೇಶದ ನಾರ್ಮಂಡಿ ಪ್ರಾಂತ್ಯದ ಒಂದು ಹಳ್ಳಿಯಲ್ಲಿ. ತಂದೆ ಸೈನಿಕರಾಗಿದ್ದವರು, ಅನಂತರ ಪೊಲೀಸ್ ದಳದಲ್ಲಿ ದುಡಿದವರು. 1844ರಲ್ಲಿ ಕುಟುಂಬವು ಹತ್ತಿರದ ಅಲಾಂಸೋನ್ ಪಟ್ಟಣಕ್ಕೆ ಬಂದು ನೆಲೆಸಿತು. ಬರುವ ಆದಾಯ ಸಾಲದೆ ತಾಯಿ ಒಂದು ಕಾಫಿ ಅಂಗಡಿ ತೆರೆದರು, ಅದು ನಡೆಯಲಿಲ್ಲ. ತಾಯಿ ಬಲು ಕಟ್ಟುನಿಟ್ಟಿನವರು. ಬಾಲ್ಯದಲ್ಲಿ ಜೇಲಿಗೆ ಆಡಲು ಒಂದು ಗೊಂಬೆಯೂ ಇರಲಿಲ್ಲ. ಹೆಣ್ಣುಮಕ್ಕಳಿಗೆ ಕೊಡಬೇಕಾದ ವರದಕ್ಷಿಣೆಗೂ ಮನೆಯಲ್ಲಿ ಹಣವಿರಲಿಲ್ಲ. ಈ ಸಂಕಟ ನಮಗೆ ಹೊಸದೇನಲ್ಲ, ಅಲ್ಲವೇ?

ಕನ್ಯಾಮಠದ ಶಾಲೆಯಲ್ಲಿ ಓದಿದ ಜೇಲಿಗೆ ಕನ್ಯಾಸ್ತ್ರೀಯಾಗಬೇಕೆಂಬ ಆಸೆ. ಸಂತ ವಿನ್ಸೆಂಟ್ ದಿ ಪೌಲರ ಸಭೆಯ ಸಿಸ್ಟರ್‌ಗಳು ನಡೆಸುತ್ತಿದ್ದ ಪಟ್ಟಣದ ಆಸ್ಪತ್ರೆಗೆ ಹೋಗಿ, ತಮ್ಮನ್ನು ಸೇರಿಸಿಕೊಳ್ಳಬೇಕೆಂದು ಬೇಡಿಕೊಂಡರು. ಇದು ನಿನ್ನ ಕರೆಯಲ್ಲವೆಂದು ಮಠದ ಹಿರಿಯರು ಹಿಂದಕ್ಕೆ ಕಳುಹಿಸಿದರು. ಬಯಸಿದ ಬಾಗಿಲು ಮುಚ್ಚಿತು, ಮನೆಯಲ್ಲಿ ಹಣವಿಲ್ಲ, ವಯಸ್ಸು ಇಪ್ಪತ್ತರ ಆಸುಪಾಸು. ಮುಂದೇನು?

1851ರ ಡಿಸೆಂಬರ್ 8, ಅಮಲೋದ್ಭವ ಮಾತೆಯ ಹಬ್ಬದ ದಿನ. ಮಾತೆಗೆ ಪ್ರಾರ್ಥಿಸುತ್ತಿದ್ದ ಜೇಲಿಗೆ, ಅಲಾಂಸೋನ್ ಲೇಸಿನ ಕೆಲಸವನ್ನು ಕೈಗೆತ್ತಿಕೊಳ್ಳಬೇಕೆಂಬ ಸ್ಪಷ್ಟವಾದ ಪ್ರೇರಣೆ ಉಂಟಾಯಿತು. ಅವರು ಆ ಪ್ರೇರಣೆಯನ್ನು ನಂಬಿದರು. ನಂಬಿ ಸುಮ್ಮನೆ ಕೂರಲಿಲ್ಲ. ಊರಿನ ಲೇಸ್ ಶಾಲೆಯಲ್ಲಿ ಕೆಲಸವನ್ನು ಕ್ರಮವಾಗಿ ಕಲಿತರು.

ಓದುಗರೇ, ಈ ಆಯ್ಕೆಯಲ್ಲಿದ್ದ ವಿವೇಕವನ್ನು ಸ್ವಲ್ಪ ಗಮನಿಸಿ. ಅಲಾಂಸೋನ್ ಲೇಸಿಗೆ ಆಗಲೇ ಎರಡು ಶತಮಾನಗಳ ಹೆಸರಿತ್ತು. ಫ್ರಾನ್ಸಿನ ರಾಜಮಂತ್ರಿ ಕೋಲ್ಬೆರ್ 1665ರಲ್ಲೇ ಅಲ್ಲಿ ಅರಸನ ಆಶ್ರಯದ ಲೇಸ್ ಕಾರ್ಖಾನೆಯನ್ನು ಸ್ಥಾಪಿಸಿದ್ದನು. ಮೂರನೆಯ ನೆಪೋಲಿಯನ್ನನ ಕಾಲದಲ್ಲಿ ಅರಮನೆಯವರಿಗೂ ಸಿರಿವಂತರಿಗೂ ಈ ಲೇಸ್ ಬೇಕಾಗಿತ್ತು. ಕೆಲಸಕ್ಕೆ ಬೇಕಾದದ್ದು ಸೂಜಿ, ನೂಲು, ತಾಳ್ಮೆ. ಕಲಿಯುವ ಜಾಗ ಸ್ವಂತ ಊರಿನಲ್ಲೇ ಇತ್ತು. ಹೀಗೆ ಬೇಡಿಕೆಯಿರುವ ವಿದ್ಯೆ, ಕೈಗೆಟುಕುವ ಖರ್ಚು, ಮನೆಗೆ ಹತ್ತಿರದ ಶಾಲೆ ಮೂರೂ ಕೂಡಿಬಂದವು.

ವಿದ್ಯೆಯೇನೂ ಸುಲಭದ್ದಲ್ಲ. ಚರ್ಮದ ಹಾಳೆಯ ಮೇಲೆ ಚಿತ್ರ ಬರೆದು, ಗೆರೆಗಳ ಉದ್ದಕ್ಕೂ ಸೂಜಿಯಿಂದ ಚುಚ್ಚಿ, ಆ ತೂತುಗಳ ಜಾಡಿನಲ್ಲಿ ನೂಲು ಕೂರಿಸಿ, ನಡುವೆ ಸಣ್ಣ ಬಲೆಯನ್ನು ಹೆಣೆಯಬೇಕು. ಕೊನೆಗೆ ಲೇಸನ್ನು ಹಾಳೆಯಿಂದ ನಾಜೂಕಾಗಿ ಬಿಡಿಸಿ, ಚೂರುಗಳನ್ನು ಒಂದಕ್ಕೊಂದು ಸೇರಿಸಬೇಕು. ಒಂದು ಚದರ ಸೆಂಟಿಮೀಟರಿಗೆ ಸುಮಾರು 7 ಗಂಟೆ ಹಿಡಿಯುತ್ತದೆ. ಪೂರ್ತಿ ಪಳಗಲು 7ರಿಂದ 10 ವರ್ಷ ಬೇಕು. 2010ರಲ್ಲಿ ಯುನೆಸ್ಕೊ ಈ ಕಲೆಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಸಕ್ರೆಬೈಲಿನ ಆನೆ ಬಿಡಾರವನ್ನು ನೋಡಿದವರಿಗೆ ಇದು ಬೇಗ ಅರ್ಥವಾದೀತು. ಕಾವಾಡಿಯಾಗಿ ಆನೆಯ ಜೊತೆ ವರ್ಷಗಟ್ಟಲೆ ಪಳಗಿದವನು ಒಳ್ಳೆಯ ಮಾವುತನಾಗುತ್ತಾನೆ. ಕೈಯ ವಿದ್ಯೆಗೆ ಅಡ್ಡದಾರಿಯಿಲ್ಲ.

1853ರ ಹೊತ್ತಿಗೆ, ಇನ್ನೂ ಇಪ್ಪತ್ತೆರಡು ತುಂಬದ ಜೇಲಿ ಅಕ್ಕ ಮರಿ ಲೂಯಿಸ್‌ರ ನೆರವಿನಿಂದ ತಮ್ಮದೇ ಕೆಲಸ ಆರಂಭಿಸಿದರು. ದೊಡ್ಡ ಕಟ್ಟಡವಿಲ್ಲ, ತಂದೆಯ ಮನೆಯೇ ಅಂಗಡಿ. ಪ್ಯಾರಿಸಿನ ವ್ಯಾಪಾರಿಗಳಿಂದ ಬೇಡಿಕೆ ಪಡೆದು, ನಮೂನೆ ಆರಿಸಿ, ನೂಲು ಕೊಟ್ಟು, ಹೆಂಗಸರಿಗೆ ಕೆಲಸ ಹಂಚುತ್ತಿದ್ದರು. ಅವರು ತಮ್ಮ ತಮ್ಮ ಮನೆಗಳಲ್ಲಿ ಹೆಣೆದು ಗುರುವಾರದಂದು ತಂದೊಪ್ಪಿಸುತ್ತಿದ್ದರು. ಚೂರುಗಳನ್ನು ಗುರುತು ಕಾಣದಂತೆ ಜೋಡಿಸುವ ಅತಿ ಕಷ್ಟದ ಕೆಲಸವನ್ನು ಜೇಲಿ ತಾವೇ ಮಾಡುತ್ತಿದ್ದರು. ಗಳಿಕೆಯಲ್ಲಿ ಉಳಿಸುತ್ತಾ ಬಂದರು.

1858ರಲ್ಲಿ ಅಕ್ಕ ಕನ್ಯಾಮಠ ಸೇರಿದರು. ಅದೇ ವರ್ಷ ಜುಲೈ 13ರಂದು ಗಡಿಯಾರ ವ್ಯಾಪಾರಿ ಲೂಯಿ ಮಾರ್ಟಿನ್‌ರೊಡನೆ ಜೇಲಿಯ ವಿವಾಹವಾಯಿತು. ದಂಪತಿಗಳಿಗೆ ಒಂಬತ್ತು ಮಕ್ಕಳು ಹುಟ್ಟಿ, ನಾಲ್ವರು ಎಳೆಯ ವಯಸ್ಸಿನಲ್ಲೇ ತೀರಿಕೊಂಡರು. ಒಂದು ಕೈಯಲ್ಲಿ ತೊಟ್ಟಿಲು, ಇನ್ನೊಂದು ಕೈಯಲ್ಲಿ ಸೂಜಿ. ಬೇಡಿಕೆ ಹೆಚ್ಚಾದಾಗ ನಿದ್ದೆಯಿಲ್ಲ. ಬೇಡಿಕೆ ನಿಂತಾಗ ಕೆಲಸದವರ ಹೊಟ್ಟೆಪಾಡಿನ ಚಿಂತೆ. ಅವರು ಬರೆದ ಪತ್ರಗಳಲ್ಲಿ ಇನ್ನೂರಕ್ಕೂ ಹೆಚ್ಚು ಉಳಿದಿವೆ. ಈ ಲೇಸ್ ತಮ್ಮ ಬಾಳನ್ನು ಎಷ್ಟು ಹಿಂಡುತ್ತಿದೆ ಎಂಬುದನ್ನು ಅವರು ಅಲ್ಲಿ ಮುಚ್ಚಿಡಲಿಲ್ಲ. ಸಂತರ ವ್ಯಾಪಾರದಲ್ಲಿಯೂ ನಷ್ಟದ ಭಯವಿತ್ತು ಎಂಬುದು ನಮಗೆ ಸಮಾಧಾನ ತರಬೇಕು.

ಅಷ್ಟರಲ್ಲೂ ಗಂಡಹೆಂಡಿರು ಬೆಳಿಗ್ಗೆ ಐದೂವರೆಯ ಬಲಿಪೂಜೆಯನ್ನು ಬಿಡಲಿಲ್ಲ. ಭಾನುವಾರ ವ್ಯಾಪಾರ ನಡೆಸಲಿಲ್ಲ. ಕೆಲಸದ ಹೆಂಗಸರನ್ನು ಮನೆಯವರಂತೆ ಕಂಡು, ಕಾಯಿಲೆ ಬಿದ್ದವರನ್ನು ಹುಡುಕಿಕೊಂಡು ಹೋಗುತ್ತಿದ್ದರು. ಕೂಲಿಯನ್ನು ತಡಮಾಡದೆ ಕೊಡುತ್ತಿದ್ದರು. 1870ರಲ್ಲಿ ಲೂಯಿ ತಮ್ಮ ಗಡಿಯಾರದ ಅಂಗಡಿಯನ್ನು ಮಾರಿ, ಹೆಂಡತಿಯ ಉದ್ಯಮದ ಲೆಕ್ಕಪತ್ರ ಮತ್ತು ಪ್ಯಾರಿಸಿನ ಓಡಾಟವನ್ನು ವಹಿಸಿಕೊಂಡರು. ಗಂಡನು ಹೆಂಡತಿಯ ವ್ಯಾಪಾರಕ್ಕೆ ಹೆಗಲು ಕೊಡುವುದನ್ನು ಇಂದಿಗೂ ಕೀಳೆಂದು ಕಾಣುವವರು ಇದನ್ನು ನೆನೆಯಲಿ.

1873ರ ಜನವರಿ 2ರಂದು ಕೊನೆಯ ಮಗಳು ತೆರೇಸಾ ಹುಟ್ಟಿದಳು. 1876ರ ಕೊನೆಗೆ ಜೇಲಿಗೆ ಸ್ತನದ ಕ್ಯಾನ್ಸರ್ ಎಂದು ತಿಳಿಯಿತು. ಮರುವರ್ಷ ಲೂರ್ದಿಗೆ ಯಾತ್ರೆ ಹೋಗಿಬಂದರು, ಕಾಯಿಲೆ ಗುಣವಾಗಲಿಲ್ಲ. 1877ರ ಆಗಸ್ಟ್ 28ರಂದು, ನಲವತ್ತೈದನೆಯ ವಯಸ್ಸಿನಲ್ಲಿ ಕಣ್ಣುಮುಚ್ಚಿದರು. ಬದುಕುಳಿದ ಐವರು ಹೆಣ್ಣುಮಕ್ಕಳೂ ಮುಂದೆ ಕನ್ಯಾಸ್ತ್ರೀಯರಾದರು. 2015ರ ಅಕ್ಟೋಬರ್ 18ರಂದು ಪೋಪ್ ಫ್ರಾನ್ಸಿಸ್‌ರವರು ಲೂಯಿ ಮತ್ತು ಜೇಲಿಯನ್ನು ಒಟ್ಟಿಗೆ ಸಂತ ಪದವಿಗೆ ಏರಿಸಿದರು.

ಹಾಗಾದರೆ ಅಲಂಕಾರದ ಉದ್ಯಮ ವಿಶ್ವಾಸಿಗೆ ತಕ್ಕದ್ದೇ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿತು. ಪಾಪ ಬಟ್ಟೆಯಲ್ಲಿಲ್ಲ, ಅದನ್ನು ಹೊಲಿಯುವವರನ್ನು ಹಿಂಡುವುದರಲ್ಲಿದೆ. 2013ರ ಏಪ್ರಿಲ್ 24ರಂದು ಬಾಂಗ್ಲಾದೇಶದಲ್ಲಿ ಸಿದ್ಧ ಉಡುಪಿನ ಕಾರ್ಖಾನೆಗಳಿದ್ದ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತರು. ಅಂಥ ವ್ಯಾಪಾರವೂ ಉಂಟು, ಜೇಲಿಯಂಥ ವ್ಯಾಪಾರವೂ ಉಂಟು. ಯಾವುದು ಬೇಕೆಂಬುದನ್ನು ಕಾಲೇಜು ಸೇರುವಾಗಲೇ ಮಗಳು ಮನಸ್ಸಿನಲ್ಲಿ ತೀರ್ಮಾನಿಸಿಕೊಳ್ಳಲಿ.

ಇನ್ನು ಹಣದ ಮಾತು. ಬೆಂಗಳೂರಿನ ನಿಫ್ಟ್‌ನಲ್ಲಿ ನಾಲ್ಕು ವರ್ಷದ ಪದವಿಯಿದೆ. ಪ್ರವೇಶ ಪರೀಕ್ಷೆ ಗೆಲ್ಲಬೇಕು, ಖರ್ಚು ಲಕ್ಷಗಳಲ್ಲಿ. ಬಡ ವಿದ್ಯಾರ್ಥಿಗಳಿಗೆ ಶುಲ್ಕದಲ್ಲಿ ನೆರವೂ ಇದೆ. ಸಾಮರ್ಥ್ಯವಿರುವ ಮಗಳನ್ನು ಬಡತನದ ನೆಪದಿಂದ ತಡೆಯಬೇಡಿ. ಆದರೆ ಅದೊಂದೇ ಬಾಗಿಲು ಎಂದೂ ತಿಳಿಯಬೇಡಿ. ಐ.ಟಿ.ಐ.ಗಳಲ್ಲಿ ಹೊಲಿಗೆ ಮತ್ತು ಫ್ಯಾಷನ್ ಡಿಸೈನಿನ ಒಂದು ವರ್ಷದ ತರಬೇತಿಗಳಿವೆ. ಪಾಲಿಟೆಕ್ನಿಕ್‌ಗಳಲ್ಲಿ ಉಡುಪು ವಿನ್ಯಾಸದ ಡಿಪ್ಲೊಮಾ ಇದೆ. ಮನೆಯಿಂದಲೇ ಓಡಾಡಿಕೊಂಡು ಶಿವಮೊಗ್ಗದ ಸಹ್ಯಾದ್ರಿ ವಾಣಿಜ್ಯ ಕಾಲೇಜಿನಂಥಲ್ಲಿ ಬಿ.ಕಾಂ. ಓದುತ್ತಾ, ಸಂಜೆ ಒಳ್ಳೆಯ ಟೈಲರ್ ಬಳಿ ಕತ್ತರಿ ಹಿಡಿಯಲು ಕಲಿತರೆ ಲೆಕ್ಕವೂ ಬರುತ್ತದೆ, ಕೈಯೂ ಪಳಗುತ್ತದೆ. ಉಡುಪಿನ ವ್ಯಾಪಾರಕ್ಕೆ ಎರಡೂ ಬೇಕು. ನಮ್ಮದೇ ಜಿಲ್ಲೆಯ ಹೆಗ್ಗೋಡಿನ ಬಳಿಯ ಭೀಮನಕೋಣೆಯಲ್ಲಿ ಚರಕ ಮಹಿಳಾ ಸಹಕಾರ ಸಂಘವು, ಹಳ್ಳಿಯ ಹೆಣ್ಣುಮಕ್ಕಳು ನೈಸರ್ಗಿಕ ಬಣ್ಣದ ಕೈಮಗ್ಗದ ಉಡುಪನ್ನು ದೂರದ ನಗರಗಳಿಗೂ ತಲುಪಿಸಬಲ್ಲರೆಂದು ತೋರಿಸಿಕೊಟ್ಟಿದೆ.

ಸಾಲಕ್ಕೆ ಕೈ ಚಾಚುವ ಮೊದಲು ಮನೆಯವರೆಲ್ಲ ಕುಳಿತು ಮೂರು ಲೆಕ್ಕ ಮಾಡಿ. ಶುಲ್ಕ, ಹಾಸ್ಟೆಲ್, ಬಟ್ಟೆ, ಸಾಮಗ್ರಿ ಸೇರಿ ಕೋರ್ಸ್ ಮುಗಿಯುವವರೆಗೆ ಒಟ್ಟು ಎಷ್ಟಾಗುತ್ತದೆ? ಅಲ್ಲಿ ಓದಿದವರು ಈಗ ಎಲ್ಲಿದ್ದಾರೆ, ಏನು ಗಳಿಸುತ್ತಿದ್ದಾರೆ? ಕೋರ್ಸ್ ಮುಗಿದ ದಿನ ಮಗಳ ಕೈಗೆ ಯಾವ ಕೆಲಸ ಬಂದಿರುತ್ತದೆ? ಉತ್ತರ ಕೊಡಲಾರದ ಕಾಲೇಜಿಗೆ, ಅದರ ಜಾಹೀರಾತು ಎಷ್ಟೇ ಚೆಂದವಿರಲಿ, ಮನೆಪತ್ರ ಒತ್ತೆಯಿಡಬೇಡಿ. ಸರ್ಕಾರದ ವಿದ್ಯಾರ್ಥಿವೇತನ, ಅಲ್ಪಸಂಖ್ಯಾತರಿಗಿರುವ ಅರಿವು ಸಾಲದ ನಿಯಮಗಳನ್ನು ಆಯಾ ವರ್ಷ ಸಂಬಂಧಪಟ್ಟ ಕಚೇರಿಯಲ್ಲೇ ವಿಚಾರಿಸಿ. ಕೊನೆಯ ದಿನಾಂಕ ದಾಟಲು ಬಿಡಬೇಡಿ.

ಮೊದಲ ಬಾಗಿಲು ಮುಚ್ಚಿದ ದಿನ ಜೇಲಿಗೆ ಮುಂದಿನದು ಕಂಡಿರಲಿಲ್ಲ. ಊರಿನಲ್ಲೇ ಇದ್ದ ವಿದ್ಯೆಯನ್ನು ಕಲಿತು, ಚಿಕ್ಕದಾಗಿ ಆರಂಭಿಸಿ, ನ್ಯಾಯವಾಗಿ ನಡೆಸಿದರು. ನಿಮ್ಮ ಮನೆಯ ಮಗಳಿಗೂ ಆ ದಾರಿ ತೆರೆದಿದೆ. ಅರ್ಜಿ ತುಂಬುವ ಮುನ್ನ ಅವಳ ಜೊತೆ ಕುಳಿತು ಒಂದು ಗಳಿಗೆ ಪ್ರಾರ್ಥಿಸಿ, ಆಮೇಲೆ ಕಾಗದ ಪೆನ್ನು ಹಿಡಿದು ಲೆಕ್ಕ ಬರೆಯಿರಿ. ದೇವರ ಚಿತ್ತವನ್ನು ಅರಿಯಲು ಎರಡೂ ಬೇಕು.