ಯಂತ್ರಕ್ಕೆ ಕೈಪಿಡಿ ಬರೆದ ಗ್ರೇಸ್ ಹಾಪರ್

ನಾವೆಲ್ಲರೂ ಕಾಪಿ ಬರೆದೇ ಬೆಳೆದವರು. ಅಂಚು ಬಿಡಬೇಕು, ಅಂಕಿಗಳು ಒಂದರ ಕೆಳಗೊಂದು ನೇರವಾಗಿ ಬರಬೇಕು, ಒಂದನ್ನು ಏಳೆಂದು ಓದುವ ಹಾಗೆ ಬರೆಯಬಾರದು ಎಂದು ಗುರುಗಳು ಹೇಳುತ್ತಲೇ ಇರುತ್ತಾರೆ. ಉತ್ತರ ಸರಿಯಿದ್ದರೆ ಸಾಲದೇ, ಅಂದ ಚೆಂದ ಯಾತಕ್ಕೆ ಎಂದು ಚಿಕ್ಕಂದಿನಲ್ಲಿ ನಮಗೂ ಅನ್ನಿಸಿದ್ದುಂಟು. ಈ ಪ್ರಶ್ನೆಗೆ ತಮ್ಮ ಬದುಕಿನಿಂದಲೇ ಉತ್ತರ ಕೊಟ್ಟ ಮಹಿಳೆಯೊಬ್ಬರ ಕಥೆಯನ್ನು ಈ ಸಂಚಿಕೆಯಲ್ಲಿ ಹೇಳಬಯಸುತ್ತೇವೆ. ಅವರೇ ಅಮೆರಿಕದ ಗಣಿತಜ್ಞೆ, ನೌಕಾದಳದ ಅಧಿಕಾರಿ ಗ್ರೇಸ್ ಹಾಪರ್.

ಗ್ರೇಸ್ 1906ರ ಡಿಸೆಂಬರ್ 9ರಂದು ನ್ಯೂಯಾರ್ಕ್ ನಗರದಲ್ಲಿ ಜನಿಸಿದರು. ತಂದೆ ವಾಲ್ಟರ್ ಮರ್ರೆ ವಿಮೆಯ ವ್ಯವಹಾರ ಮಾಡುತ್ತಿದ್ದರು. ರೋಗದಿಂದಾಗಿ ಅವರ ಎರಡು ಕಾಲುಗಳನ್ನೂ ತೆಗೆಯಬೇಕಾಯಿತು. ತಾವಿಲ್ಲದ ಕಾಲಕ್ಕೂ ಹೆಣ್ಣುಮಕ್ಕಳು ತಮ್ಮ ಕಾಲ ಮೇಲೆ ತಾವು ನಿಲ್ಲುವಂತಾಗಬೇಕೆಂದು ಆ ತಂದೆ ಗಂಡುಮಗನಿಗೆ ಕೊಟ್ಟಷ್ಟೇ ವಿದ್ಯೆಯನ್ನು ಅವರಿಗೂ ಕೊಡಿಸಿದರು. ಏಳು ವರ್ಷದ ಬಾಲಕಿ ಗ್ರೇಸ್ ಒಮ್ಮೆ ಅಲಾರಾಂ ಗಡಿಯಾರ ಹೇಗೆ ಓಡುತ್ತದೆಂದು ನೋಡಲು ಅದನ್ನು ಬಿಚ್ಚಿದಳು. ಮರಳಿ ಜೋಡಿಸಲು ಬರಲಿಲ್ಲ. ಅದನ್ನು ತಿಳಿಯಲು ಮತ್ತೊಂದನ್ನು ಬಿಚ್ಚಿದಳು. ಹೀಗೆ ಮನೆಯಲ್ಲಿದ್ದ ಏಳು ಗಡಿಯಾರಗಳೂ ಚೂರುಚೂರಾದವು. ತಾಯಿ ಬೈದು ಸುಮ್ಮನಾಗಲಿಲ್ಲ. ಇನ್ನು ಮುಂದೆ ಬಿಚ್ಚಲು ಒಂದೇ ಗಡಿಯಾರ ಎಂದು ಮಿತಿ ಹಾಕಿದರು.

ಇಷ್ಟು ಚುರುಕಾದ ಹುಡುಗಿಗೂ ಸೋಲು ತಪ್ಪಲಿಲ್ಲ. ಲ್ಯಾಟಿನ್ ಭಾಷೆಯಲ್ಲಿ ಅಂಕ ಕಡಿಮೆಯಾಗಿ ವಾಸರ್ ಕಾಲೇಜು ಮೊದಲ ಸಲ ಪ್ರವೇಶ ನಿರಾಕರಿಸಿತು. ಮರುವರ್ಷ ಸೇರಿ, 1928ರಲ್ಲಿ ಪದವಿ ಪಡೆದರು. 1934ರಲ್ಲಿ ಯೇಲ್ ವಿಶ್ವವಿದ್ಯಾಲಯದಿಂದ ಗಣಿತದಲ್ಲಿ ಡಾಕ್ಟರೇಟ್ ಗಳಿಸಿದರು. ಅಷ್ಟರಲ್ಲಿ ವಾಸರ್ ಕಾಲೇಜಿನಲ್ಲೇ ಅಧ್ಯಾಪಕಿಯೂ ಆಗಿದ್ದರು.

ಎರಡನೆಯ ಮಹಾಯುದ್ಧದಲ್ಲಿ ಅಮೆರಿಕ ಇಳಿದಾಗ ಗ್ರೇಸ್ ನೌಕಾದಳ ಸೇರಲು ಹೊರಟರು. ವಯಸ್ಸು ಮೀರಿತ್ತು, ತೂಕ ನಿಗದಿಗಿಂತ ಸುಮಾರು 15 ಪೌಂಡು ಕಡಿಮೆಯಿತ್ತು. ಪಟ್ಟು ಬಿಡದೆ ವಿಶೇಷ ಅನುಮತಿ ಪಡೆದು 1943ರ ಡಿಸೆಂಬರಿನಲ್ಲಿ ಸೇರಿದರು. ತರಬೇತಿಯಲ್ಲಿ ಮೊದಲಿಗರಾಗಿ ತೇರ್ಗಡೆಯಾದ ಅವರನ್ನು 1944ರ ಜುಲೈಯಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ಕಳುಹಿಸಲಾಯಿತು. ಅಲ್ಲಿ ಹೋವರ್ಡ್ ಐಕೆನ್ ಎಂಬ ವಿಜ್ಞಾನಿಯ ಕೈಕೆಳಗೆ ಮಾರ್ಕ್ ಒಂದು ಎಂಬ ಬೃಹತ್ ಗಣಕಯಂತ್ರವಿತ್ತು. ಅದರ ಉದ್ದ 51 ಅಡಿ, ಎತ್ತರ 8 ಅಡಿ, ತೂಕ ಸುಮಾರು 5 ಟನ್ನು. ಕಾಗದದ ಪಟ್ಟಿಯಲ್ಲಿ ಕೊರೆದ ತೂತುಗಳೇ ಅದಕ್ಕೆ ಆಜ್ಞೆ. ಸೆಕೆಂಡಿಗೆ ಮೂರು ಸಂಕಲನ ಮಾಡುತ್ತಿದ್ದ ಆ ಯಂತ್ರ ಅಂದಿನ ಕಾಲಕ್ಕೆ ಅದ್ಭುತವೇ ಆಗಿತ್ತು.

ಕೆಲವೇ ದಿನಗಳಲ್ಲಿ ಐಕೆನ್ ಅವರು ಈ ಯಂತ್ರದ ಬಗ್ಗೆ ಒಂದು ಪುಸ್ತಕ ಬರೆಯಬೇಕೆಂದು ಗ್ರೇಸ್ ಅವರಿಗೆ ಆಜ್ಞಾಪಿಸಿದರು. ತಾನೆಂದೂ ಪುಸ್ತಕ ಬರೆದವಳಲ್ಲ ಎಂದು ಆಕೆ ಹಿಂಜರಿದರು. ನೌಕಾದಳದಲ್ಲಿ ಆಜ್ಞೆ ಎಂದರೆ ಆಜ್ಞೆಯೇ. ಯಂತ್ರದ ಹೊಟ್ಟೆಯಲ್ಲಿದ್ದ ತಂತಿ, ಚಕ್ರ, ಸ್ವಿಚ್ಚುಗಳನ್ನೆಲ್ಲ ಅರಿತು ಬರೆಯಬೇಕು. ಬರೆದದ್ದನ್ನು ಐಕೆನ್ನರಿಗೆ ಓದಿ ಹೇಳಬೇಕು. ಅವರು ಒಪ್ಪದಿದ್ದರೆ ತಿದ್ದಬೇಕು. ಕೋಷ್ಟಕ, ನಕ್ಷೆ, ಉದಾಹರಣೆಗಳೆಲ್ಲ ತಮ್ಮ ತಮ್ಮ ಜಾಗದಲ್ಲಿ ಕೂರಬೇಕು. ಏಕೆಂದರೆ ಓದುವವನು ಅದನ್ನು ನೋಡಿಯೇ ಯಂತ್ರ ನಡೆಸುವವನು. ಒಂದು ಅಂಕಿ ಪಕ್ಕದ ಮನೆಗೆ ಜಾರಿದರೂ ಯಂತ್ರ ತಪ್ಪು ಲೆಕ್ಕ ಮಾಡುತ್ತದೆ. ಆ ಲೆಕ್ಕವೋ ಯುದ್ಧದ ಲೆಕ್ಕ. 1946ರಲ್ಲಿ ಪ್ರಕಟವಾದ ಆ ಕೈಪಿಡಿ 500ಕ್ಕೂ ಹೆಚ್ಚು ಪುಟಗಳದ್ದು. ಬರೆಯಲಾರೆನೆಂದು ಹಿಂಜರಿದಿದ್ದ ಅಧ್ಯಾಪಕಿ ಗಣಕಯಂತ್ರದ ಕೈಪಿಡಿಗಳಿಗೆ ಮೊದಲ ಮಾದರಿಗಳಲ್ಲೊಂದನ್ನು ಹಾಕಿಕೊಟ್ಟಿದ್ದರು.

1949ರಲ್ಲಿ ಅವರು ಫಿಲಡೆಲ್ಫಿಯಾದಲ್ಲಿ ಯುನಿವ್ಯಾಕ್ ಯಂತ್ರ ತಯಾರಿಸುತ್ತಿದ್ದ ಕಂಪೆನಿ ಸೇರಿದರು. ಅಲ್ಲಿ ಪ್ರತಿಯೊಬ್ಬರ ಬಳಿಯೂ ಒಂದೊಂದು ನೋಟುಪುಸ್ತಕ. ಒಮ್ಮೆ ಸರಿಯಾಗಿ ನಡೆದ ಆಜ್ಞೆಗಳ ತುಣುಕುಗಳನ್ನು ಅದರಲ್ಲಿ ಬರೆದಿಟ್ಟುಕೊಂಡು, ಬೇಕಾದಾಗ ಒಬ್ಬರ ಪುಸ್ತಕದಿಂದ ಇನ್ನೊಬ್ಬರು ಕಾಪಿ ಮಾಡಿಕೊಳ್ಳುತ್ತಿದ್ದರು. ಗೋಳು ಶುರುವಾದದ್ದೇ ಇಲ್ಲಿ. ಖಾಲಿ ಜಾಗವನ್ನು ಸೂಚಿಸಲು ಪುಟ್ಟ ತ್ರಿಕೋನದ ಗುರುತು ಹಾಕುತ್ತಿದ್ದರು. ಅವಸರದ ಕೈಯಲ್ಲಿ ಅದು 4 ಆಗಿಬಿಡುತ್ತಿತ್ತು. ಇಂಗ್ಲಿಷಿನ ಬಿ ಅಕ್ಷರ 13 ಆಗುತ್ತಿತ್ತು. ಜೊತೆಗೆ ಪ್ರತಿ ತುಣುಕಿನ ವಿಳಾಸಸಂಖ್ಯೆಗಳನ್ನು ಹೊಸ ಜಾಗಕ್ಕೆ ತಕ್ಕಂತೆ ಕೂಡಿಸಿ ಬರೆಯಬೇಕಿತ್ತು, ಅಲ್ಲೂ ತಪ್ಪು. ಮನುಷ್ಯ ಕಾಪಿ ಮಾಡುವುದರಲ್ಲೂ ಕೂಡಿಸುವುದರಲ್ಲೂ ಎಡವುತ್ತಾನೆ, ಯಂತ್ರವೋ ಈ ಎರಡರಲ್ಲೇ ನಿಪುಣ ಎಂಬುದನ್ನು ಗ್ರೇಸ್ ಕಂಡುಕೊಂಡರು. ಹಾಗಾದರೆ ಆ ಕೆಲಸವನ್ನು ಯಂತ್ರಕ್ಕೇ ಒಪ್ಪಿಸಬಾರದೇಕೆ?

ಅವರು ತುಣುಕುಗಳಿಗೆಲ್ಲ ಒಂದೊಂದು ಹೆಸರಿಟ್ಟು, ಒಂದೇ ಕ್ರಮಕ್ಕೆ ತಂದು, ಟೇಪಿನಲ್ಲಿ ಗ್ರಂಥಾಲಯದಂತೆ ಜೋಡಿಸಿದರು. ಹೆಸರು ಹೇಳಿದರೆ ಸಾಕು, ಯಂತ್ರವೇ ತುಣುಕನ್ನು ಹುಡುಕಿ ತಂದು, ವಿಳಾಸ ಸರಿಪಡಿಸಿ, ಇಡೀ ಆಜ್ಞಾಪಟ್ಟಿಯನ್ನು ಹೊಲಿದು ಕೊಡುತ್ತಿತ್ತು. 1952ರ ಹೊತ್ತಿಗೆ ಸಿದ್ಧವಾದ ಇದಕ್ಕೆ ಅವರು ಕಂಪೈಲರ್, ಅಂದರೆ ಸಂಗ್ರಹಿಸಿ ಜೋಡಿಸುವವನು, ಎಂದು ಹೆಸರಿಟ್ಟರು. ಗಣಕಯಂತ್ರ ಲೆಕ್ಕ ಮಾತ್ರ ಮಾಡಬಲ್ಲದು, ಆಜ್ಞೆಯನ್ನು ತಾನೇ ಬರೆಯಲಾರದು ಎಂದು ಬಲ್ಲವರೇ ಬಹುಕಾಲ ನಂಬಲಿಲ್ಲ. ಊರಿಗೊಂದು ಅರ್ಥದಲ್ಲಿ ಬಳಕೆಯಾಗುತ್ತಿದ್ದ ಪದಗಳಿಗೂ ಒಂದು ಕಟ್ಟು ಬೇಕೆಂದು ಅವರ ಅಧ್ಯಕ್ಷತೆಯ ಸಮಿತಿ 1954ರಲ್ಲಿ ಪಾರಿಭಾಷಿಕ ಪದಗಳ ಪಟ್ಟಿಯನ್ನು ಹೊರತಂದಿತು.

ಮುಂದಿನ ಹೆಜ್ಜೆ ಇನ್ನೂ ದೊಡ್ಡದು. ಅಂಗಡಿ, ಕಾರ್ಖಾನೆಗಳ ಲೆಕ್ಕ ಬರೆಯುವವರು ಗಣಿತದ ಚಿಹ್ನೆಗಳಿಗೆ ಹೆದರುತ್ತಾರೆ; ಆದ್ದರಿಂದ ಆಡುಮಾತಿನ ಪದಗಳಲ್ಲೇ ಯಂತ್ರಕ್ಕೆ ಆಜ್ಞೆ ಕೊಡುವಂತಾಗಬೇಕು ಎಂದು ಅವರು ಹೊರಟರು. ಮಾದರಿ ತೋರಿಸುವಾಗ ಇಂಗ್ಲಿಷಿನ ಜೊತೆಗೆ ಫ್ರೆಂಚ್, ಜರ್ಮನ್ ಪದಗಳಲ್ಲೂ ಅದೇ ಕೆಲಸ ಮಾಡಿಸಿದರು. ಅಮೆರಿಕದ ಯಂತ್ರ ಪರಭಾಷೆ ಅರಿಯುವುದೇ ಎಂದು ಮೇಲಿನವರು ಗಾಬರಿಯಾದರು! ಯಂತ್ರಕ್ಕೆ ಎಲ್ಲ ಭಾಷೆಯೂ ಒಂದೇ ಎಂದು ಅವರಿಗೆ ತಿಳಿಹೇಳಲು ಗ್ರೇಸ್ ತಿಂಗಳುಗಟ್ಟಲೆ ಹೆಣಗಬೇಕಾಯಿತು. ಕಡೆಗೆ ಇಂಗ್ಲಿಷ್ ಪದಗಳ ಫ್ಲೋಮ್ಯಾಟಿಕ್ ಭಾಷೆ ಬಳಕೆಗೆ ಬಂತು. ಅದನ್ನು ಬಹುಮಟ್ಟಿಗೆ ಆಧರಿಸಿ 1959ರಲ್ಲಿ ನೇಮಕವಾದ ಸಮಿತಿಯೊಂದು ಕೋಬಾಲ್ ಭಾಷೆಯನ್ನು ರೂಪಿಸಿತು. ಗ್ರೇಸ್ ಅದರ ಸಲಹೆಗಾರರಾಗಿದ್ದರು. ಕೋಬಾಲ್ ಬರೆಯುವ ಹಾಳೆಯಲ್ಲಿ 80 ಮನೆಗಳು. ಮೊದಲ 6 ಸಾಲಿನ ಸಂಖ್ಯೆಗೆ, 7ನೆಯದು ವಿಶೇಷ ಗುರುತಿಗೆ, 8ರಿಂದ 72ರವರೆಗೆ ಆಜ್ಞೆಗೆ. ನಮ್ಮ ಗುರುಗಳು ಹೇಳುವ ಅಂಚು ಅಲ್ಲಿಯೂ ಇತ್ತೆಂದಾಯಿತು!

1966ರ ಕೊನೆಯಲ್ಲಿ ನೌಕಾದಳ ಅವರನ್ನು ನಿವೃತ್ತಿಗೊಳಿಸಿತು. ಆದರೆ ಬೇರೆ ಬೇರೆ ಕಂಪೆನಿಗಳ ಕೋಬಾಲ್ ಬೇರೆ ಬೇರೆ ದಾರಿ ಹಿಡಿದು ಗೊಂದಲವಾಗಿತ್ತು. ಅದನ್ನು ಒಂದು ಅಳತೆಗೆ ತರಲು 1967ರಲ್ಲಿ ಆರು ತಿಂಗಳ ಮಟ್ಟಿಗೆಂದು ಮರಳಿ ಕರೆದರು. ಆ ಆರು ತಿಂಗಳು 19 ವರ್ಷವಾಯಿತು! ಕಂಪೈಲರುಗಳು ನಿಯಮದಂತೆ ನಡೆಯುತ್ತವೆಯೇ ಎಂದು ಪರೀಕ್ಷಿಸುವ ವಿಧಾನಗಳನ್ನು ಅವರ ತಂಡ ಸಿದ್ಧಪಡಿಸಿತು. ರಿಯರ್ ಅಡ್ಮಿರಲ್ ಪದವಿಗೇರಿ, 1986ರಲ್ಲಿ 79ರ ವಯಸ್ಸಿನಲ್ಲಿ ನಿವೃತ್ತರಾದರು. 1992ರ ಜನವರಿ 1ರಂದು ತೀರಿಕೊಂಡರು. ಒಂದು ಯುದ್ಧನೌಕೆಗೆ ಅವರ ಹೆಸರಿಡಲಾಗಿದೆ.

ಕನ್ನಡದಲ್ಲಿ ಓದಿದ ಮಕ್ಕಳಿಗೆ ಗಣಕಯಂತ್ರದ ವಿದ್ಯೆ ಒಲಿದೀತೇ ಎಂದು ನಮ್ಮ ಗಡಿನಾಡಿನ ಎಷ್ಟೋ ತಂದೆತಾಯಿಗಳು ಚಿಂತಿಸುವುದನ್ನು ನಾವು ಬಲ್ಲೆವು. ಇಂಗ್ಲಿಷನ್ನು ಕಲಿಯಲೇಬೇಕು, ಅದರಲ್ಲಿ ಸಂದೇಹವಿಲ್ಲ. ಆದರೆ ಯಂತ್ರಕ್ಕೆ ತನ್ನದೆಂಬ ಭಾಷೆಯ ಅಭಿಮಾನವಿಲ್ಲವೆಂದು ಗ್ರೇಸ್ ಹಾಪರ್ ಅಂದೇ ತೋರಿಸಿದ್ದಾರೆ. ಅದು ಕೇಳುವುದು ಸ್ಪಷ್ಟವಾದ ಯೋಚನೆಯನ್ನು, ತಪ್ಪಿಲ್ಲದ ಬರಹವನ್ನು. ಇವೆರಡನ್ನೂ ನಮ್ಮ ಮಕ್ಕಳು ಕನ್ನಡದ ಕಾಪಿಪುಸ್ತಕದಲ್ಲೇ ಕಲಿಯಬಹುದು. ವಿದ್ಯಾರ್ಥಿ ಮಿತ್ರರೇ, ನಾಳೆ ಅಂಚಿನ ಗೆರೆ ಎಳೆಯುವಾಗ ಬೇಸರ ಬಂದರೆ, 4 ಆಗಿಹೋದ ಆ ಪುಟ್ಟ ತ್ರಿಕೋನವನ್ನು ಒಮ್ಮೆ ನೆನೆಯಿರಿ.