ದಾರದಿಂದ ದೂರ ಅಳೆದ ಲಿಂಡ್‌ಬರ್ಗ್

ನ್ಯೂಯಾರ್ಕ್‌ನಿಂದ ಪ್ಯಾರಿಸ್‌ಗೆ ಈಗ ವಿಮಾನದಲ್ಲಿ ಸುಮಾರು ಏಳೂವರೆ ಗಂಟೆಯ ಪ್ರಯಾಣ. ಆದರೆ 1927ರ ಮೇ ತಿಂಗಳವರೆಗೂ ಈ ಎರಡು ನಗರಗಳ ನಡುವೆ ಎಲ್ಲೂ ಇಳಿಯದೆ ಹಾರಿದವರು ಯಾರೂ ಇರಲಿಲ್ಲ. ಮೊದಲು ಹಾರಿದವರು ಅಮೆರಿಕದ ಚಾರ್ಲ್ಸ್ ಲಿಂಡ್‌ಬರ್ಗ್.

ಅವರು ಹುಟ್ಟಿದ್ದು 1902ರ ಫೆಬ್ರವರಿ 4ರಂದು, ಡೆಟ್ರಾಯಿಟ್‌ನಲ್ಲಿ. ಎಂಜಿನಿಯರಿಂಗ್ ಓದನ್ನು ಅರ್ಧಕ್ಕೇ ಬಿಟ್ಟು ವಿಮಾನ ಹಾರಿಸಲು ಕಲಿತರು. 1926ರಲ್ಲಿ ಸೇಂಟ್ ಲೂಯಿಸ್ ಮತ್ತು ಷಿಕಾಗೋ ನಡುವೆ ಅಂಚೆ ಸಾಗಿಸುವ ಪೈಲಟ್ ಆದರು. ನ್ಯೂಯಾರ್ಕ್-ಪ್ಯಾರಿಸ್ ಹಾರಾಟಕ್ಕೆ ಆಗ 25,000 ಡಾಲರ್ ಬಹುಮಾನ ಘೋಷಣೆಯಾಗಿತ್ತು. ಅದಕ್ಕಾಗಿ 1927ರ ಮೇ 8ರಂದು ಪ್ಯಾರಿಸ್‌ನಿಂದ ಹೊರಟ ಫ್ರಾನ್ಸಿನ ಇಬ್ಬರು ವೈಮಾನಿಕರು ಕಣ್ಮರೆಯಾದರು.

ಲಿಂಡ್‌ಬರ್ಗ್‌ಗಾಗಿ ಸ್ಯಾನ್ ಡಿಯಾಗೊ ನಗರದಲ್ಲಿ ಒಂದು ವಿಮಾನ ತಯಾರಾಗಬೇಕಿತ್ತು. ಅದಕ್ಕೆ ಎಷ್ಟು ಪೆಟ್ರೋಲ್ ತುಂಬಬೇಕು? ಕಡಿಮೆಯಾದರೆ ನಡುಸಮುದ್ರದಲ್ಲಿ ಮುಳುಗಬೇಕು, ಹೆಚ್ಚಾದರೆ ಭಾರಕ್ಕೆ ವಿಮಾನ ಮೇಲೇಳದು. ಮೊದಲು ದೂರ ತಿಳಿಯಬೇಕು. ಲಿಂಡ್‌ಬರ್ಗ್ ಮತ್ತು ಎಂಜಿನಿಯರ್ ಡೊನಾಲ್ಡ್ ಹಾಲ್ ಅಲ್ಲಿನ ಸಾರ್ವಜನಿಕ ಗ್ರಂಥಾಲಯಕ್ಕೆ ಹೋಗಿ, ಗ್ಲೋಬಿನ ಮೇಲೆ ದಾರ ಹಿಡಿದು ಅಳೆದರು. ಸುಮಾರು 5,800 ಕಿಲೋಮೀಟರ್!

ಮಕ್ಕಳೇ, ನೀವೂ ಅಳೆದು ನೋಡಿ. ನಿಮ್ಮ ಶಾಲೆಯ ಗ್ಲೋಬ್ ಬೀರುವಿನೊಳಗೆ ಭದ್ರವಾಗಿದ್ದರೆ ಗುರುಗಳನ್ನು ಕೇಳಿ ಹೊರಗೆ ತೆಗೆಸಿ. ಎರಡೂ ನಗರಗಳ ಮೇಲೆ ದಾರವನ್ನು ಬಿಗಿಯಾಗಿ ಎಳೆಯಿರಿ. ಅದು ಉತ್ತರದ ನ್ಯೂಫೌಂಡ್‌ಲ್ಯಾಂಡ್ ದ್ವೀಪದ ಕಡೆಗೆ ಸರಿಯುತ್ತದೆ. ಗೋಡೆಯ ನಕಾಶೆಯಲ್ಲಿ ಸ್ಕೇಲ್ ಇಟ್ಟು ಗೆರೆ ಎಳೆದರೆ ಅದು ಇನ್ನೂ ದಕ್ಷಿಣಕ್ಕೆ ಬೀಳುತ್ತದೆ. ದುಂಡಗಿನ ಭೂಮಿಯನ್ನು ಚಪ್ಪಟೆ ಕಾಗದಕ್ಕೆ ಇಳಿಸಿದಾಗ ಹೀಗಾಗುತ್ತದೆ. ದಾರ ತೋರಿಸಿದ ದಾರಿಯೇ ಹತ್ತಿರದ್ದು. ಇದಕ್ಕೆ ಮಹಾವೃತ್ತದ ದಾರಿ ಎನ್ನುತ್ತಾರೆ. ಈ ದಾರಿಯಲ್ಲಿ ಸಾಗಲು ದಿಕ್ಕನ್ನು ಆಗಾಗ ಸ್ವಲ್ಪ ಸ್ವಲ್ಪವೇ ಬದಲಿಸುತ್ತಿರಬೇಕು. ಅದಕ್ಕಾಗಿ ಲಿಂಡ್‌ಬರ್ಗ್ ಇಡೀ ದಾರಿಯನ್ನು ನೂರು ನೂರು ಮೈಲಿಯ ತುಂಡುಗಳಾಗಿ ನಕಾಶೆಯಲ್ಲಿ ಗುರುತಿಸಿಕೊಂಡರು.

1927ರ ಮೇ 20ರಂದು ಬೆಳಿಗ್ಗೆ 7 ಗಂಟೆ 52 ನಿಮಿಷಕ್ಕೆ ಅವರು ಒಬ್ಬರೇ ಹೊರಟರು. ವಿಮಾನದಲ್ಲಿ ಸುಮಾರು 1,700 ಲೀಟರ್ ಪೆಟ್ರೋಲ್ ಇತ್ತು, ರೇಡಿಯೋ ಇರಲಿಲ್ಲ. ಮುಂದೆ ದೊಡ್ಡ ಟ್ಯಾಂಕ್ ಇದ್ದುದರಿಂದ ಎದುರಿನ ಗಾಜೂ ಇರಲಿಲ್ಲ; ಪಕ್ಕದ ಕಿಟಕಿಯಿಂದ ಇಲ್ಲವೇ ಒಂದು ಪೆರಿಸ್ಕೋಪಿನಿಂದ ನೋಡಬೇಕಿತ್ತು. ಹಿಂದಿನ ರಾತ್ರಿಯೂ ನಿದ್ದೆಯಿಲ್ಲ. ಮಂಜು, ಮೋಡ, ರೆಕ್ಕೆಗೆ ಕಟ್ಟುವ ಹಿಮ. ಇವೆಲ್ಲಕ್ಕಿಂತ ನಿದ್ದೆಯೇ ದೊಡ್ಡ ಶತ್ರುವಾಯಿತು. ಆದರೂ ಮರುದಿನ ಐರ್ಲೆಂಡಿನ ದಡ ಕಂಡಾಗ ಅವರು ಗುರುತಿಸಿದ ದಾರಿಯಿಂದ ಸರಿದಿದ್ದು ಕೇವಲ ಸುಮಾರು 5 ಕಿಲೋಮೀಟರ್!

ಪ್ಯಾರಿಸ್‌ನಲ್ಲಿ ಇಳಿದಾಗ ಅಲ್ಲಿನ ಗಡಿಯಾರದಲ್ಲಿ ಮೇ 21ರ ರಾತ್ರಿ 10 ಗಂಟೆ 22 ನಿಮಿಷ. ಹಾಗೇ ಕಳೆದರೆ 38 ಗಂಟೆ 30 ನಿಮಿಷ ಬರುತ್ತದೆ. ಆದರೆ ಅಂದು ಪ್ಯಾರಿಸ್ ಗಡಿಯಾರ ನ್ಯೂಯಾರ್ಕ್‌ಗಿಂತ 5 ಗಂಟೆ ಮುಂದಿತ್ತು. ಆದ್ದರಿಂದ ಹಾರಿದ್ದು 33 ಗಂಟೆ 30 ನಿಮಿಷ. ಸರಾಸರಿ ವೇಗ ಗಂಟೆಗೆ ಎಷ್ಟು? ಭಾಗಿಸಿ ನೋಡಿ.

ಅಮೆರಿಕಕ್ಕೆ ಅವರೂ ವಿಮಾನವೂ ಮರಳಿದ್ದು ಹಡಗಿನಲ್ಲಿ! ಅದಕ್ಕೆ ಒಂದು ವಾರ ಹಿಡಿಯಿತು. ಲಿಂಡ್‌ಬರ್ಗ್ 1974ರ ಆಗಸ್ಟ್ 26ರಂದು ಹವಾಯಿ ದ್ವೀಪಗಳಲ್ಲಿ ತೀರಿಕೊಂಡರು. ಆ ವಿಮಾನ ವಾಷಿಂಗ್ಟನ್‌ನ ವಸ್ತುಸಂಗ್ರಹಾಲಯದಲ್ಲಿದೆ.